ಹಾವಿನ ಗಿಡದ ಹೊಗಳುಭಟ್ಟರು

ಒಂದು ಗಿಡದ ಪರವಾಗಿ ವಕಾಲತ್ತು ಹಿಡಿದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ಗಿಡಕ್ಕೆ ಯಾರೋ ಶತ್ರುಗಳು ಹುಟ್ಟಿಕೊಂಡಿದ್ದಾರೆಂದು ವಾಚಕರು ಭಾವಿಸಬೇಕಾಗಿಲ್ಲ. ಅದಕ್ಕೆ ಕಂಟಕರಾಗಿರುವವರು ಅದರ ಹೊಗಳುಭಟ್ಟರು. ಶತ್ರುಗಳಿಂದ ತಪ್ಪಿಸಿಕೊಳ್ಳಬಹುದು, ಹೊಗಳುಭಟ್ಟರ ಕೈಗೆ ಸಿಕ್ಕ ಮನುಷ್ಯನಿಗೇ ಉಳಿವಿಲ್ಲದಿರುವಾಗ ಬಾಯಿಲ್ಲದ ಗಿಡಕ್ಕೆಲ್ಲಿಯದು?

ನಾನು ಹೇಳುತ್ತಿರುವುದು ಸ್ನೇಕ್ ಪ್ಲಾಂಟ್ ಎಂದು ಈಗ ಮನೆಮನೆಯ ಮಾತಾಗಿರುವ ಗಿಡವನ್ನು. ಕತ್ತಿಯ ಅಲಗಿನಂತೆ ನೆಟ್ಟಗೆ ನಿಂತ ದಪ್ಪ ಎಲೆ, ಅದರ ಮೇಲೆ ಹಾವಿನ ಮೈಯಂಥ ಅಡ್ಡಪಟ್ಟೆ, ಕೆಲವು ಜಾತಿಗೆ ಹಳದಿಯ ಅಂಚು. ಎಲೆಯ ತುದಿ ಚೂಪಾಗಿರುವುದನ್ನು ಕಂಡು ಇಂಗ್ಲಿಷರು ಇದಕ್ಕೆ ‘ಅತ್ತೆಯ ನಾಲಿಗೆ’ ಎಂದೂ ಹೆಸರಿಟ್ಟರು. ಹೆಸರಿಟ್ಟವನು ಅಳಿಯನೇ ಇರಬೇಕು. ಸೊಸೆಯಾಗಿದ್ದರೆ ಮುಳ್ಳಿರುವ ಗಿಡವನ್ನೇ ಹುಡುಕುತ್ತಿದ್ದಳು. ಬೆಂಗಳೂರಿನ ಯಾವ ಬಡಾವಣೆಯ ಯಾವ ಫ್ಲಾಟಿಗೆ ಹೋಗಿ, ಬಾಗಿಲಲ್ಲಿ ಒಂದು, ಟೀವಿಯ ಪಕ್ಕದಲ್ಲಿ ಒಂದು, ಮಲಗುವ ಕೋಣೆಯಲ್ಲಿ ಎರಡು ಇದ್ದೇ ಇರುತ್ತವೆ. ಗೃಹಪ್ರವೇಶಕ್ಕೆ ಉಡುಗೊರೆ ಇದೇ, ಕಚೇರಿಯಲ್ಲಿ ಬೀಳ್ಕೊಡುಗೆಗೂ ಇದೇ.

ಇರಲಿ, ಸಂತೋಷವೇ. ಮನೆಯೊಳಗೆ ಒಂದು ಹಸಿರು ಎಲೆ ಬಂದರೆ ಬೇಡವೆನ್ನುವವನು ನಾನಲ್ಲ. ನನ್ನ ತಕರಾರು ಗಿಡದ ಜೊತೆಗೆ ಬರುವ ನಾಲ್ಕು ಮಾತುಗಳ ಮೇಲೆ. ಒಂದು, ಇದು ಮನೆಯ ಗಾಳಿಯನ್ನು ಶುದ್ಧಮಾಡುತ್ತದೆ. ಎರಡು, ರಾತ್ರಿಯ ಹೊತ್ತು ಆಮ್ಲಜನಕ ಕೊಡುತ್ತದೆ. ಮೂರು, ಲಕ್ಷ್ಮಿಯನ್ನು ಕರೆತರುತ್ತದೆ. ನಾಲ್ಕು, ಇದಕ್ಕೆ ಆರೈಕೆಯೇ ಬೇಡ. ಮೊದಲನೆಯದು ಅರ್ಧ ಸತ್ಯ, ಎರಡನೆಯದು ತಪ್ಪು, ಮೂರನೆಯದು ವ್ಯಾಪಾರ, ನಾಲ್ಕನೆಯದು ಗಿಡದ ಕೊಲೆ. ಒಂದೊಂದನ್ನಾಗಿ ನೋಡೋಣ.

ಗಾಳಿ ಶುದ್ಧಮಾಡುತ್ತದೆ ಎಂಬ ಮಾತಿಗೆ ಆಧಾರ ಕೇಳಿದರೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಉತ್ತರ: ‘ನಾಸಾದವರೇ ಹೇಳಿದ್ದಾರೆ!’ ಹೇಳಿದ್ದು ನಿಜ. ಏನು ಹೇಳಿದರು ಎಂಬುದನ್ನು ಮಾತ್ರ ಯಾರೂ ಓದಿದಂತೆ ಕಾಣೆ. 1989ರಲ್ಲಿ ಅಮೆರಿಕದ ಆ ಸಂಸ್ಥೆಯ ವಿಜ್ಞಾನಿ ವಾಲ್ವರ್ಟನ್ ಮತ್ತು ಅವರ ಸಂಗಡಿಗರು ಒಂದು ವರದಿ ಹೊರತಂದರು. ಬಾಹ್ಯಾಕಾಶದಲ್ಲಿ, ಗಾಳಿ ಒಳಗೂ ಬರದ ಹೊರಗೂ ಹೋಗದ ನೌಕೆಯಲ್ಲಿ ಮನುಷ್ಯ ದಿನಗಟ್ಟಲೆ ಬದುಕಬೇಕಾದರೆ ಅಲ್ಲಿಯ ಕೆಟ್ಟ ಅನಿಲಗಳನ್ನು ಹೇಗೆ ಕಳೆಯುವುದು ಎಂಬುದು ಅವರ ಚಿಂತೆ. ಪಾರದರ್ಶಕ ಪ್ಲಾಸ್ಟಿಕ್ಕಿನ ಸಣ್ಣ ಪೆಟ್ಟಿಗೆಗಳನ್ನು ಮಾಡಿ, ಒಳಗೆ ಕುಂಡವಿಟ್ಟು, ಬೆಂಜೀನ್, ಟ್ರೈಕ್ಲೋರೋಎಥಿಲೀನ್, ಫಾರ್ಮಾಲ್ಡಿಹೈಡ್ ಎಂಬ ಅನಿಲಗಳನ್ನು ಬಿಟ್ಟು, ಪೆಟ್ಟಿಗೆಯನ್ನು ಭದ್ರವಾಗಿ ಮುಚ್ಚಿದರು. ಹೊತ್ತು ಕಳೆದ ಮೇಲೆ ಅಳೆದು ನೋಡಿದರೆ ಅನಿಲ ಕಡಿಮೆಯಾಗಿತ್ತು. ಆ ಕೆಲಸದಲ್ಲಿ ಎಲೆಯದಕ್ಕಿಂತ ಬೇರಿನ ಸುತ್ತಲ ಮಣ್ಣಿನದೂ ಅಲ್ಲಿಯ ಸೂಕ್ಷ್ಮಜೀವಿಗಳದೂ ಪಾತ್ರ ದೊಡ್ಡದೆಂದು ಅದೇ ವರದಿ ಹೇಳುತ್ತದೆ. ಅಂದರೆ ಹೊಗಳಿಕೆಯ ದೊಡ್ಡ ಪಾಲು ಸಲ್ಲಬೇಕಾದದ್ದು ಕುಂಡದ ಮಣ್ಣಿಗೆ. ಆದರೆ ಮಣ್ಣನ್ನು ಯಾರು ಉಡುಗೊರೆ ಕೊಡುತ್ತಾರೆ?

ಈಗ ವಿಚಾರಮಾಡಿ. ನಮ್ಮ ಮನೆ ಬಾಹ್ಯಾಕಾಶ ನೌಕೆಯೆ? ಬಾಗಿಲ ಸಂದಿಯಿದೆ, ಕಿಟಕಿಯಿದೆ, ಅಡಿಗೆಮನೆಯ ಗೂಡಿದೆ. ನಾವು ಮುಚ್ಚಿದರೂ ಗಾಳಿ ದಾರಿ ಹುಡುಕಿಕೊಂಡು ಓಡಾಡುತ್ತದೆ. ಕುಂಡದಲ್ಲಿರುವ ಗಿಡ ಗಂಟೆಗಟ್ಟಲೆ ಹೆಣಗಿ ಕಳೆಯುವ ಅನಿಲವನ್ನು ಈ ಗಾಳಿಯ ಓಡಾಟ ಸದ್ದಿಲ್ಲದೆ ಕಳೆದಿರುತ್ತದೆ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾನಿಲಯದ ಕಮಿಂಗ್ಸ್ ಮತ್ತು ವೇರಿಂಗ್ ಎಂಬಿಬ್ಬರು ಹಿಂದಿನ ಇಂಥ ಪ್ರಯೋಗಗಳನ್ನೆಲ್ಲ ಕಲೆಹಾಕಿ ಲೆಕ್ಕ ಹಾಕಿದರು. ಸಾಮಾನ್ಯ ಕಟ್ಟಡದಲ್ಲಿ ಗಾಳಿ ತಾನಾಗಿ ಬದಲಾಗುವುದರಿಂದ ಆಗುವಷ್ಟು ಶುದ್ಧಿಯನ್ನು ಗಿಡಗಳಿಂದ ಪಡೆಯಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕಂತೆ! ಕಡಿಮೆಯ ಲೆಕ್ಕವನ್ನೇ ಹಿಡಿಯೋಣ. ಹತ್ತಡಿಗೆ ಹತ್ತಡಿಯ ಕೋಣೆಗೆ ತೊಂಬತ್ತಕ್ಕೂ ಹೆಚ್ಚು ಕುಂಡ, ಎಂದರೆ ಹೆಚ್ಚುಕಡಿಮೆ ಚದರಡಿಗೊಂದು. ಮಂಚ ಹೊರಗೆ ಹೋಗಬೇಕು, ಮಲಗುವವರೂ ಹೊರಗೆ ಹೋಗಬೇಕು. ಆಗ ಕೋಣೆಯ ಗಾಳಿ ಶುದ್ಧವಾಗಿರುತ್ತದೆ. ಕುಡಿಯುವುದಕ್ಕೆ ಜನ ಇರುವುದಿಲ್ಲ. ಮೂಲೆಗೊಂದು ಕುಂಡವಿಟ್ಟು ಗಾಳಿ ಶುದ್ಧವಾಯಿತೆನ್ನುವುದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ನಮ್ಮ ಗಾದೆಯ ಮಾತೇ ಸರಿ.

‘ಹೋಗಲಿ ಬಿಡಿ, ಸುಳ್ಳಾದರೂ ನಷ್ಟವೇನು? ಆ ನೆಪದಲ್ಲಿ ನಾಲ್ಕು ಜನ ಗಿಡ ಬೆಳೆಸುತ್ತಾರಲ್ಲ’ ಎಂದು ಕೇಳುವ ಉದಾರಿಗಳಿದ್ದಾರೆ. ನಷ್ಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನಗೆ ಪರಿಚಯದ ದಂಪತಿಗಳು ಹೊಸ ಫ್ಲಾಟಿಗೆ ಬಂದರು. ಮಲಗುವ ಕೋಣೆಯಲ್ಲಿ ಪ್ಲೈವುಡ್ಡಿನ ಹೊಸ ಕಪಾಟು, ಗೋಡೆಗೆ ಹೊಸ ಬಣ್ಣ. ಎರಡರ ಘಾಟೂ ಮೂಗಿಗೆ ಹೊಡೆಯುತ್ತಿತ್ತು. ಧೂಳು ಬರುತ್ತದೆಂದು ಕಿಟಕಿಗೆ ಬೀಗಮುದ್ರೆ. ಸಂಜೆಯಾದರೆ ಊದುಬತ್ತಿ, ರಾತ್ರಿಯಾದರೆ ಸೊಳ್ಳೆಬತ್ತಿ. ಅವರ ನಾಲ್ಕು ವರ್ಷದ ಕೂಸಿಗೆ ಎರಡು ತಿಂಗಳಿಂದ ಕೆಮ್ಮು. ನಾನು ತಡೆಯಲಾರದೆ, ‘ಸ್ವಲ್ಪ ಕಿಟಕಿ ತೆಗೆದಿಡಬಾರದೇನಮ್ಮಾ?’ ಎಂದೆ. ಆ ತಾಯಿ ಮೂಲೆಯ ಮೂರು ಕುಂಡಗಳ ಕಡೆ ಕೈತೋರಿಸಿ, ‘ಅದಕ್ಕೇ ಅಲ್ಲವೆ ಅಂಕಲ್, ಇವನ್ನು ತಂದಿಟ್ಟಿರುವುದು?’ ಎಂದಳು. ಮಗುವಿನ ಕೆಮ್ಮಿಗೆ ಕಾರಣವೇನೆಂದು ಹೇಳಲು ನಾನು ವೈದ್ಯನಲ್ಲ. ಆದರೆ ಕಿಟಕಿ ತೆಗೆಯಬೇಕೆಂಬ ಬುದ್ಧಿಯನ್ನು ಆ ಮೂರು ಕುಂಡಗಳು ಮುಚ್ಚಿಬಿಟ್ಟಿದ್ದವೆಂಬುದರಲ್ಲಿ ನನಗೆ ಸಂದೇಹವಿಲ್ಲ. ನಷ್ಟವೆಂದರೆ ಇದು. ಸುಳ್ಳು ಭರವಸೆ ನಿಜವಾದ ಉಪಾಯದ ಜಾಗದಲ್ಲಿ ಬಂದು ಕುಳಿತುಕೊಳ್ಳುತ್ತದೆ.

ನಮ್ಮ ಹಿರಿಯರು ಮನೆಯ ಗಾಳಿಗೆ ಗಿಡವನ್ನು ನಂಬಿಕೊಂಡವರಲ್ಲ. ತೊಟ್ಟಿಯ ಮನೆ ಕಟ್ಟಿದರು. ನಡುವೆ ಆಕಾಶಕ್ಕೆ ಬಾಯಿ ತೆರೆದ ಅಂಗಳ. ಬಸವನಗುಡಿ, ಮಲ್ಲೇಶ್ವರದ ಹಳೆಯ ಹೆಂಚಿನ ಮನೆಗಳಲ್ಲಿ ಸೂರಿನ ಕೆಳಗೆ ಗವಾಕ್ಷಿಗಳಿದ್ದವು. ಬಿಸಿಗಾಳಿ ಮೇಲೇರಿ ತಾನಾಗಿ ಹೊರಟುಹೋಗುತ್ತಿತ್ತು. ಇಂದು ಆ ಗವಾಕ್ಷಿ ಹೋಗಿ ಗಾಜು ಬಂದಿದೆ, ಗಾಜಿನ ಹಿಂದೆ ತಂಪುಯಂತ್ರ ಬಂದಿದೆ, ಯಂತ್ರದ ಪಕ್ಕದಲ್ಲಿ ಪಾಪ ಈ ಗಿಡ ಬಂದಿದೆ. ಕಟ್ಟುವವನು ಮಾಡಿದ ಲೋಪವನ್ನು ಕುಂಡದ ಗಿಡ ತುಂಬಿಕೊಡಬೇಕಂತೆ!

ಎರಡನೆಯ ಮಾತು ರಾತ್ರಿಯ ಆಮ್ಲಜನಕದ್ದು. ಇದರಲ್ಲಿ ಒಂದು ಸೊಗಸಾದ ಸತ್ಯ ಹೂತುಹೋಗಿದೆ. ಅದನ್ನು ಹೊರಗೆ ತೆಗೆಯಬೇಕು. ಸಾಮಾನ್ಯ ಗಿಡಗಳು ಹಗಲು ಎಲೆಯ ರಂಧ್ರಗಳನ್ನು ತೆರೆದು ಇಂಗಾಲಾಮ್ಲವನ್ನು ಒಳಗೆ ಎಳೆದುಕೊಳ್ಳುತ್ತವೆ. ನೀರಿಲ್ಲದ ಸೀಮೆಯಲ್ಲಿ ಹಗಲು ಬಾಯಿ ತೆರೆದರೆ ಒಳಗಿನ ತೇವವೆಲ್ಲ ಬಿಸಿಲಿಗೆ ಆರಿಹೋಗುತ್ತದೆ. ಆದ್ದರಿಂದ ಪಾಪಾಸುಕಳ್ಳಿ, ಕತ್ತಾಳೆ, ಅನಾನಸ್, ಈ ಹಾವಿನ ಗಿಡ ಮುಂತಾದವು ರಾತ್ರಿ ತಂಪಿನಲ್ಲಿ ರಂಧ್ರ ತೆರೆದು, ಇಂಗಾಲಾಮ್ಲವನ್ನು ಹಿಡಿದು, ಮ್ಯಾಲಿಕ್ ಆಮ್ಲವೆಂಬ ಹುಳಿಯ ರೂಪದಲ್ಲಿ ಎಲೆಯೊಳಗೆ ಕೂಡಿಡುತ್ತವೆ. ಬೆಳಗಾದ ಮೇಲೆ ಬಾಗಿಲು ಮುಚ್ಚಿಕೊಂಡು, ಆ ದಾಸ್ತಾನಿನಿಂದ ಬೆಳಕಿನ ಸಹಾಯದಲ್ಲಿ ಸಕ್ಕರೆ ಮಾಡಿಕೊಳ್ಳುತ್ತವೆ. ಜಾಣ ಗೃಹಿಣಿ ರಾತ್ರಿಯೇ ಹಿಟ್ಟು ರುಬ್ಬಿಟ್ಟು ಬೆಳಿಗ್ಗೆ ದೋಸೆ ಹೊಯ್ಯುವಂತೆ. ಆದರೆ ಆಮ್ಲಜನಕ ಹುಟ್ಟುವುದು ದೋಸೆ ಹೊಯ್ಯುವಾಗ, ಎಂದರೆ ಬೆಳಕಿನಲ್ಲಿ. ರಾತ್ರಿ ಇಂಗಾಲಾಮ್ಲ ಎಳೆದುಕೊಳ್ಳುವುದನ್ನೇ ‘ಆಮ್ಲಜನಕ ಬಿಡುವುದು’ ಎಂದು ಯಾರೋ ತಿರುಚಿದರು, ಉಳಿದವರು ನಂಬಿದರು.

ಅಲ್ಲದೆ, ಮಲಗುವ ಕೋಣೆಯಲ್ಲಿ ಆಮ್ಲಜನಕದ ಬರಗಾಲ ಬಂದಿದೆಯೆಂದು ಇವರಿಗೆ ಹೇಳಿದವರಾರು? ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 28,000 ಲೀಟರು ಗಾಳಿಯಿದೆ. ಅದರಲ್ಲಿ ಐದರಲ್ಲೊಂದು ಪಾಲು ಆಮ್ಲಜನಕ. ಎಂದರೆ ಐದು ಸಾವಿರ ಲೀಟರಿಗೂ ಮೇಲೆ. ನಿದ್ರಿಸುವ ಮನುಷ್ಯನೊಬ್ಬ ರಾತ್ರಿಯೆಲ್ಲ ಉಸಿರಾಡಿದರೂ ಖರ್ಚಾಗುವುದು ನೂರು ನೂರೈವತ್ತು ಲೀಟರಿನ ಆಸುಪಾಸು. ಆ ಕೊರತೆಯನ್ನೂ ಬಾಗಿಲ ಸಂದಿಯೇ ತುಂಬಿಕೊಡುತ್ತದೆ. ಮುಚ್ಚಿದ ಕೋಣೆಯಲ್ಲಿ ತಲೆ ಭಾರವಾಗುವುದು ನಾವು ಬಿಟ್ಟ ಉಸಿರು, ಸೆಕೆ, ಹೊಗೆ ಹೊರಗೆ ಹೋಗಲು ದಾರಿಯಿಲ್ಲದೆ. ಅದಕ್ಕೂ ಔಷಧ ಕಿಟಕಿಯೇ.

ಮೂರನೆಯದು ಲಕ್ಷ್ಮಿಯ ಮಾತು. ಆಗ್ನೇಯಕ್ಕಿಟ್ಟರೆ ಧನ, ಬಾಗಿಲಿಗಿಟ್ಟರೆ ದೃಷ್ಟಿನಿವಾರಣೆ ಎಂದು ಈಚೆಗೆ ಪಟ್ಟಿಯೇ ಹೊರಟಿದೆ. ಇದನ್ನು ನಾನು ಹೆಚ್ಚು ಬೆಳೆಸುವುದಿಲ್ಲ. ಈ ಗಿಡದ ತವರು ನೈಜೀರಿಯಾದಿಂದ ಕಾಂಗೋವರೆಗಿನ ಆಫ್ರಿಕದ ಪಶ್ಚಿಮ ಭಾಗ. ಅಲ್ಲಿಂದ ಕಡಲು ದಾಟಿ ಬಂದ ಗಿಡಕ್ಕೆ ನಮ್ಮ ವಾಸ್ತುವಿನ ದಿಕ್ಕುಗಳನ್ನು ಯಾರು ಕಲಿಸಿದರೋ ತಿಳಿಯದು. ಗಿಡದಿಂದ ಲಕ್ಷ್ಮಿ ಬಂದದ್ದನ್ನು ನಾನು ಒಂದು ಕಡೆ ಮಾತ್ರ ಕಂಡಿದ್ದೇನೆ, ಗಿಡ ಮಾರುವವನ ಗಲ್ಲಾಪೆಟ್ಟಿಗೆಯಲ್ಲಿ.

ಆದರೆ ಇದರ ನಿಜವಾದ ಕಥೆ ಕಟ್ಟುಕಥೆಗಿಂತ ಸ್ವಾರಸ್ಯವಾಗಿದೆ. ಆಫ್ರಿಕದ ಈ ಗಿಡಕ್ಕೆ ‘ಸ್ಯಾನ್ಸಿವೀರಿಯ ಟ್ರೈಫ್ಯಾಸಿಯೇಟ’ ಎಂಬ ಶಾಸ್ತ್ರೀಯ ನಾಮಕರಣವಾದದ್ದು ಭಾರತದ ಸಸ್ಯಗಳ ಒಂದು ಗ್ರಂಥದಲ್ಲಿ. ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥರಾಗಿದ್ದ ಡೇವಿಡ್ ಪ್ರೇನ್ 1903ರಲ್ಲಿ ತಮ್ಮ ‘ಬೆಂಗಾಲ್ ಪ್ಲಾಂಟ್ಸ್’ ಗ್ರಂಥದಲ್ಲಿ ಆ ಹೆಸರನ್ನು ಕೊಟ್ಟರು. 2017ರಲ್ಲಿ ವಿದ್ವಾಂಸರು ಅದನ್ನು ‘ಡ್ರಸೀನ’ ಎಂಬ ದೊಡ್ಡ ಕುಲಕ್ಕೆ ಸೇರಿಸಿದರು. ಇದಕ್ಕಿಂತ ಹೆಚ್ಚಿನ ಮಾತೆಂದರೆ, ಇದರ ಖಾಸಾ ಬಂಧುವೊಂದು ನಮ್ಮ ನೆಲದಲ್ಲೇ ಇದೆ. ಹಳಬರು ‘ಮಂಜಿನ ನಾರು’ ಎಂದು ಕರೆಯುತ್ತಿದ್ದ ಕಾಡುಗಿಡವೇ ಅದು. ತಮಿಳರು ‘ಮರುಳ್’ ಎನ್ನುತ್ತಾರೆ. ಕೋರಮಂಡಲ ತೀರದಲ್ಲೂ ಆಮೇಲೆ ಕಲ್ಕತ್ತೆಯಲ್ಲೂ ದುಡಿದ ವಿಲಿಯಂ ರಾಕ್ಸ್‌ಬರ್ಗ್ ಎಂಬ ಸಸ್ಯಶಾಸ್ತ್ರಜ್ಞನ ಹೆಸರು ಅದಕ್ಕೆ ಅಂಟಿಕೊಂಡಿದೆ. ಅದರ ಎಲೆಯನ್ನು ಹೆರೆದರೆ ಬಿಳಿಯ ಗಟ್ಟಿ ನಾರು ಬರುತ್ತದೆ. ಸಂಸ್ಕೃತದ ‘ಮೂರ್ವಾ’ ಇದೇ ಎಂದು ಬಹುಮಂದಿ ಗುರುತಿಸುತ್ತಾರೆ. ಔಷಧಿಯ ಮೂರ್ವೆ ಯಾವುದೆಂಬಲ್ಲಿ ವೈದ್ಯರಲ್ಲಿ ಒಮ್ಮತವಿಲ್ಲವಾದರೂ, ಮೂರ್ವೆಯ ನಾರಿನಿಂದ ಬಿಲ್ಲಿನ ಹೆದೆ ಹೊಸೆಯುತ್ತಿದ್ದುದರಿಂದಲೇ ಹೆದೆಗೆ ‘ಮೌರ್ವಿ’ ಎಂಬ ಹೆಸರು ಬಂದದ್ದು. ಉಪನಯನದಲ್ಲಿ ಕ್ಷತ್ರಿಯ ವಟುವಿನ ಮೇಖಲೆ ಈ ಮೌರ್ವಿಯದಾಗಿರಬೇಕೆಂದು ಮನುಸ್ಮೃತಿ ವಿಧಿಸುತ್ತದೆ. ಇಂಗ್ಲಿಷಿನವರೂ ಇದರ ವರ್ಗಕ್ಕೆ ‘ಬಿಲ್ಲಿನ ಹೆದೆಯ ನಾರು’ ಎಂಬರ್ಥದ ಹೆಸರನ್ನೇ ಕೊಟ್ಟರು. ಹಿತ್ತಲ ಗಿಡ ಮದ್ದಲ್ಲವೆಂದು ಸುಮ್ಮನೆ ಹೇಳಿದರೆ! ಹೆದೆಯಾಗಿ ಠೇಂಕಾರ ಮಾಡಿದ ವಂಶವನ್ನು ಮರೆತು, ಅದರ ದಾಯಾದಿಯನ್ನು ಕಡಲಾಚೆಯಿಂದ ತಂದು ಗಾಳಿಯಂತ್ರವೆಂದು ಮೂಲೆಗಿಟ್ಟಿದ್ದೇವೆ.

ನಾಲ್ಕನೆಯ ಮಾತಿಗೆ ಬರುತ್ತೇನೆ. ನನ್ನ ನಿಜವಾದ ಕೋಪ ಇದರ ಮೇಲೆಯೇ. ಒಮ್ಮೆ ಗಿಡ ಮಾರುವ ಅಂಗಡಿಯೊಂದರಲ್ಲಿ ಹುಡುಗನೊಬ್ಬ, ‘ತಗೊಂಡ್ಹೋಗಿ ಸಾರ್, ಇದಕ್ಕೆ ನೀರೂ ಬೇಡ, ಬಿಸಿಲೂ ಬೇಡ, ಗೊಬ್ಬರಾನೂ ಬೇಡ’ ಎಂದು ಶಿಫಾರಸು ಮಾಡಿದ. ‘ಹಾಗಾದರೆ ಪ್ಲಾಸ್ಟಿಕ್ಕಿನದೇ ಒಂದು ಕೊಡಪ್ಪ’ ಎಂದೆ. ಅವನು ನಗಲಿಲ್ಲ; ಒಳಗೆ ಹೋಗಿ ನಿಜವಾಗಿಯೂ ಪ್ಲಾಸ್ಟಿಕ್ಕಿನದನ್ನು ತಂದು ತೋರಿಸಿದ!

ಸಹಿಸುವುದು ಬೇರೆ, ಇಷ್ಟಪಡುವುದು ಬೇರೆ. ಈ ಗಿಡ ಕತ್ತಲೆಯನ್ನು ಸಹಿಸುತ್ತದೆ. ಅದಕ್ಕೆ ಬೇಕಾದದ್ದು ಬೆಳಕು. ದೂರು ಹೇಳದೆ ದುಡಿಯುವವನಿಗೇ ನಾವು ಹೆಚ್ಚು ಕೆಲಸ ಹೇರುತ್ತೇವಷ್ಟೆ? ಹಾಗೆಯೇ ಸಾಯಲು ತಡಮಾಡುವ ಗಿಡವನ್ನು ಸ್ನಾನದ ಮನೆಯ ಕತ್ತಲೆಯಲ್ಲೂ ಕಚೇರಿಯ ಓಣಿಯಲ್ಲೂ ನಿಲ್ಲಿಸಿ, ‘ನೋಡಿ, ಏನೂ ಬೇಡ ಇದಕ್ಕೆ’ ಎನ್ನುತ್ತೇವೆ. ಅದು ಆರು ತಿಂಗಳು ಒಂದು ಹೊಸ ಎಲೆಯನ್ನೂ ಬಿಡದೆ ಎಲೆಯಲ್ಲಿ ಕೂಡಿಟ್ಟ ನೀರು, ಆಹಾರಗಳನ್ನು ತಿಂದು ದಿನ ನೂಕುತ್ತಿರುತ್ತದೆ. ಆಮೇಲೆ ಯಾರಿಗೋ ಕನಿಕರ ಹುಟ್ಟಿ ದಿನವೂ ಒಂದು ಚೊಂಬು ನೀರು ಸುರಿಯುತ್ತಾರೆ. ಬೇರು ಕೊಳೆಯುತ್ತದೆ, ಎಲೆಯ ಬುಡ ಮೆತ್ತಗಾಗುತ್ತದೆ, ಒಂದು ದಿನ ಮಗುಚಿಕೊಳ್ಳುತ್ತದೆ. ಅಲಕ್ಷ್ಯದಿಂದ ಅರೆಜೀವವಾದದ್ದು ಅತಿಪ್ರೀತಿಯಿಂದ ಪೂರಾ ಸಾಯುತ್ತದೆ.

ಹಾಗಾದರೆ ಹೇಗೆ ಸಾಕಬೇಕು? ಕಷ್ಟವೇನಿಲ್ಲ, ಗಮನ ಬೇಕು ಅಷ್ಟೆ. ತಳದಲ್ಲಿ ತೂತಿರುವ ಮಣ್ಣಿನ ಕುಂಡ ಉತ್ತಮ. ತೂತಿಲ್ಲದ ಬಣ್ಣದ ಪಿಂಗಾಣಿ ಪಾತ್ರೆ ಅದಕ್ಕೆ ಶವಪೆಟ್ಟಿಗೆ. ಕೆಮ್ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಸಗಣಿಗೊಬ್ಬರ ಒಂದೊಂದು ಪಾಲು ಬೆರೆಸಿದರೆ ಸಾಕು, ನೀರು ನಿಲ್ಲದೆ ಬಸಿದುಹೋಗುತ್ತದೆ. ಪೂರ್ವದ ಕಿಟಕಿಯ ಪಕ್ಕ ಇದಕ್ಕೆ ಸ್ವರ್ಗ. ಕತ್ತಲೆಯಲ್ಲಿದ್ದದ್ದನ್ನು ಒಮ್ಮೆಗೇ ಬಿಸಿಲಿಗೆ ನೂಕಿದರೆ ಎಲೆ ಸುಟ್ಟುಹೋಗುತ್ತದೆ, ಮೆಲ್ಲಮೆಲ್ಲನೆ ರೂಢಿಮಾಡಿಸಬೇಕು. ನೀರಿಗೆ ಪಂಚಾಂಗ ನೋಡಬೇಡಿ, ಮಣ್ಣಿಗೆ ಬೆರಳಿಡಿ. ಎರಡು ಅಂಗುಲ ಒಣಗಿದ್ದರೆ ತಳದಿಂದ ಇಳಿಯುವಷ್ಟು ಹಾಕಿ, ಇಲ್ಲದಿದ್ದರೆ ಸುಮ್ಮನಿರಿ. ಬೇಸಗೆಯಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ಬೇಕಾದೀತು. ಮಳೆಗಾಲದಲ್ಲಿ ತಿಂಗಳು ಬಿಟ್ಟರೂ ಆದೀತು. ಎಲೆಗಳ ನಡುವಿನ ಬಟ್ಟಲಿನಲ್ಲಿ ನೀರು ನಿಲ್ಲಬಾರದು. ಧೂಳನ್ನು ಒದ್ದೆ ಬಟ್ಟೆಯಿಂದ ಒರಸಿ. ಮಿರಮಿರ ಮಿನುಗಲೆಂದು ಎಣ್ಣೆ ಬಳಿಯಬೇಡಿ. ಎರಡು ಮೂರು ವರ್ಷಕ್ಕೊಮ್ಮೆ ಕುಂಡ ಬದಲಿಸಿ; ಮರೆತಿರೋ, ಮಣ್ಣೊಳಗಿನ ಗೆಡ್ಡೆಯಂಥ ಕಾಂಡ ಉಬ್ಬಿ ಪ್ಲಾಸ್ಟಿಕ್ಕಿನ ಕುಂಡವನ್ನು ಸೀಳಿ ತಾನೇ ಜ್ಞಾಪಿಸುತ್ತದೆ.

ಇದರ ಸಂತಾನವೃದ್ಧಿಯಲ್ಲಿ ಒಂದು ಚೋದ್ಯವಿದೆ. ಎಲೆಯನ್ನು ತುಂಡುಮಾಡಿ, ಕೆಲವು ದಿನ ಗಾಯ ಆರಲು ಬಿಟ್ಟು, ಬುಡದ ಕಡೆಯನ್ನೇ ಕೆಳಗೆಮಾಡಿ ಮರಳಿನಲ್ಲಿ ನೆಟ್ಟರೆ ತಿಂಗಳುಗಳ ಮೇಲೆ ಮರಿ ಮೂಡುತ್ತದೆ. ಆದರೆ ಹಳದಿಯಂಚಿನ ಜಾತಿಯ ಎಲೆ ನೆಟ್ಟರೆ ಬರುವ ಮರಿಗೆ ಹಳದಿಯಂಚೇ ಇರುವುದಿಲ್ಲ! ಆ ಅಂಚು ಹೊರಪದರದ ಜೀವಕೋಶಗಳ ಸೊತ್ತು. ಹೊಸ ಮೊಳಕೆ ಹುಟ್ಟುವಾಗ ಅದು ಕೈಬಿಟ್ಟುಹೋಗುತ್ತದೆ. ಅಂಚು ಉಳಿಯಬೇಕಾದರೆ ಬುಡದ ಕಾಂಡವನ್ನೇ ಬೇರುಸಹಿತ ಕತ್ತರಿಸಿ ಪಾಲುಮಾಡಬೇಕು. ಬೆಳಕಿನಲ್ಲಿ ವರ್ಷಗಟ್ಟಲೆ ನೆಮ್ಮದಿಯಾಗಿದ್ದ ಗಿಡ ಎಂದಾದರೊಂದು ದಿನ ನೀಳವಾದ ಕದಿರು ಎತ್ತಿ, ಹಸಿರುಬಿಳಿ ಹೂ ಬಿಟ್ಟು, ರಾತ್ರಿಯೆಲ್ಲ ಕಂಪು ಸೂಸುತ್ತದೆ. ಮೂಲೆಯ ಕತ್ತಲೆಯಲ್ಲಿ ಇಟ್ಟವರಿಗೆ ಆ ಭಾಗ್ಯವೆಲ್ಲಿ? ಎಲೆಯ ರಸದಲ್ಲಿ ಸ್ವಲ್ಪ ನಂಜಿರುವುದರಿಂದ ಬೆಕ್ಕು ನಾಯಿಗಳೂ ಅಂಬೆಗಾಲಿನ ಮಕ್ಕಳೂ ಕಚ್ಚದಂತೆ ಎತ್ತರದಲ್ಲಿಡಬೇಕು. ಇದನ್ನು ಹೊಗಳುಭಟ್ಟರು ಹೇಳುವುದಿಲ್ಲ.

ಕೊನೆಯದಾಗಿ ಒಂದು ಮಾತು, ಮತ್ತು ಇದೇ ದೊಡ್ಡ ಮಾತು. ಕುಂಡದ ಗಿಡದ ಸುಳ್ಳು ಮನೆಯೊಳಗೆ ಮುಗಿದಿದ್ದರೆ ನಾನು ಇಷ್ಟು ಕಾಗದ ಖರ್ಚುಮಾಡುತ್ತಿರಲಿಲ್ಲ. ‘ನನ್ನ ಕೋಣೆಯ ಗಾಳಿಗೆ ನಾನು ವ್ಯವಸ್ಥೆ ಮಾಡಿಕೊಂಡಿದ್ದೇನೆ’ ಎಂದುಕೊಂಡವನಿಗೆ ಬೀದಿಯ ಗಾಳಿಯ ಚಿಂತೆ ಇರುವುದಿಲ್ಲ. ಎದುರು ರಸ್ತೆಯ ಮಳೆಮರಕ್ಕೆ ಗರಗಸ ಬಿದ್ದಾಗ ಅವನು ಸದ್ದು ಕೇಳಬಾರದೆಂದು ಕಿಟಕಿ ಹಾಕಿಕೊಳ್ಳುತ್ತಾನೆ. ಮರವಾದರೂ ಮೋಟಾರುಗಳ ಹೊಗೆಯನ್ನೆಲ್ಲ ನುಂಗಿಬಿಡುತ್ತದೆಂದು ನಾನು ಹೇಳಲಾರೆ. ಹಾಗೆ ಹೇಳಿದರೆ ನಾನೂ ಹೊಗಳುಭಟ್ಟನಾದೇನು. ಹೊಗೆಗೆ ಮದ್ದು ಹೊಗೆ ಕಡಿಮೆಮಾಡುವುದು. ಆದರೆ ಮರ ನೆರಳು ಕೊಡುತ್ತದೆ, ಬೀದಿಯನ್ನು ತಂಪಾಗಿಡುತ್ತದೆ. ಬೀದಿ ತಂಪಾಗಿದ್ದರೆ ಮನೆಯವರು ಕಿಟಕಿ ತೆರೆಯುತ್ತಾರೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟಲು ಎಂಟುನೂರಕ್ಕೂ ಹೆಚ್ಚು ಮರಗಳನ್ನು ಕಡಿಯುವ ಯೋಜನೆ ಬಂದಾಗ, 2016ರ ಅಕ್ಟೋಬರಿನಲ್ಲಿ ಈ ಊರಿನ ಸಾವಿರಾರು ಜನ ಕೈಗೆ ಕೈ ಹಿಡಿದು ರಸ್ತೆಯ ಬದಿಯಲ್ಲಿ ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಮನೆಯಲ್ಲಿ ನಾಲ್ಕು ಕುಂಡವಿಟ್ಟುಕೊಂಡು ತೃಪ್ತರಾಗಿದ್ದಿದ್ದರೆ ಇದು ಆಗುತ್ತಿತ್ತೆ? ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕೆಂದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಹೇಳುತ್ತದೆ. ನಿಮ್ಮ ಬೀದಿಯಲ್ಲಿ ಕೊಡಲಿ ಎತ್ತಿದವನನ್ನು ‘ಅನುಮತಿ ಪತ್ರ ಎಲ್ಲಪ್ಪ?’ ಎಂದು ಕೇಳುವ ಒಂದು ಪ್ರಶ್ನೆ ನಿಮ್ಮ ಮನೆಯ ಅಷ್ಟೂ ಕುಂಡಗಳಿಗಿಂತ ಹೆಚ್ಚು ಕೆಲಸ ಮಾಡೀತು.

ಆದ್ದರಿಂದ ಹಾವಿನ ಗಿಡವನ್ನು ಅವಶ್ಯವಾಗಿ ತನ್ನಿ. ಅದು ಚೆಲುವಾಗಿದೆಯೆಂದು ತನ್ನಿ, ಬಿಲ್ಲಿನ ಹೆದೆಯ ವಂಶದ್ದೆಂದು ತನ್ನಿ, ವರ್ಷಗಟ್ಟಲೆ ಜೊತೆಗಿರುವ ಮಿತಭಾಷಿಯೆಂದು ತನ್ನಿ. ಬೆಳಕಿರುವ ಕಡೆ ಇಡಿ, ಬೆರಳಿಟ್ಟು ನೋಡಿ ನೀರು ಹಾಕಿ. ಗಾಳಿಯನ್ನು ಶುದ್ಧಮಾಡುವ ಕೆಲಸವನ್ನು ಮಾತ್ರ ಅದರ ತಲೆಗೆ ಕಟ್ಟಬೇಡಿ. ಆ ಕೆಲಸ ಕಿಟಕಿಯದು, ಬೀದಿಯದು, ನಗರಸಭೆಯದು. ಎಲ್ಲಕ್ಕಿಂತ ಮೊದಲು ನಮ್ಮದು.